ಕಂಪ್ಯೂಟರಿಗೆ ಮೆಣಸಿನಕಾಯಿ ಕಲಿಸಿದ್ದು

ಯಂತ್ರಕ್ಕೆ ಬುದ್ಧಿ ಕಲಿಸಲು ಹೋದವರ ಬುದ್ಧಿಯೇ ಮೊದಲು ಬಯಲಾಗುತ್ತದೆ. ನನ್ನದು ತೊಂಬತ್ತರ ದಶಕದಲ್ಲಿ, ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ, ದಿನಕ್ಕೆರಡು ಸಲ ಬಯಲಾಗುತ್ತಿತ್ತು. ಹಾವೇರಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿ ಆ ಅಂಗಡಿಗೆ ಸೇರಿದ್ದೆ.

ಬಂದ ಮಾಲಿನ ದರ್ಜೆ ಹೇಳುತ್ತಿದ್ದವರು ಕರ್ಜಗಿಯ ಚಾಚಾ. ಮೂವತ್ತು ವರ್ಷದಿಂದ ಅದೇ ಕೆಲಸ. ಕಾಯಿ ಮುರಿದು, ಮೂಸಿ, ಕಿವಿಯ ಹತ್ತಿರ ಅಲುಗಾಡಿಸಿ, "ಒಂದನೇದು", "ಎರಡನೇದು" ಎನ್ನುವರು.

"ಚಾಚಾನ ತಲ್ಯಾಗ ಇರೂದು ಪೂರಾ ಕಂಪ್ಯೂಟರ್‌ನ್ಯಾಗ ಹಾಕು," ಎಂದರು ಅಂಗಡಿಯ ಸಾವಕಾರರು. "ಆಮ್ಯಾಲೆ ಅವ್ರು ಮನ್ಯಾಗ ಆರಾಮ ಇರ್ಲಿ."

ಆ ಎರಡನೆಯ ಮಾತಿನ ಅರ್ಥ ನನಗೆ ಅವತ್ತೇ ತಿಳಿದಿತ್ತು. ಚಾಚಾಗೆ ಹೇಳಲಿಲ್ಲ. ಹೊಸ ಕಂಪ್ಯೂಟರಿನ ಮುಂದೆ ಕೂರುವ ಹುರುಪು ಹೆಚ್ಚಾಗಿತ್ತು. ಹೇಳದೆ ಇದ್ದದ್ದು ಇವತ್ತಿಗೂ ಮನಸ್ಸನ್ನು ಕೊರೆಯುತ್ತದೆ.

೧. ಖಾಲಿ ಬಿಟ್ಟ ಜಾಗ

ಒಂದೊಂದು ನಿಯಮವನ್ನೂ ಬಿಡಿಬಿಡಿಯಾಗಿ ಬರೆಯಲು ಬೇಸರವಾಗಿ ಒಂದು ಅಚ್ಚು ಮಾಡಿಕೊಂಡೆ: "ಮಾಲು ಹೀಗಿದ್ದರೆ ಹಾಗೆ ಮಾಡು." 'ಹೀಗೆ', 'ಹಾಗೆ' ಎರಡೂ ಖಾಲಿ ಜಾಗ. ಪಟ್ಟಿಯಲ್ಲಿ ಒಂದು ಸಾಲು ತುಂಬಿದರೆ ಆ ಅಚ್ಚಿನಿಂದ ಒಂದು ನಿಯಮ ಬಂದುಬಿಡುತ್ತಿತ್ತು.

ಒಂದು ಸಾಲಿನಲ್ಲಿ 'ಹಾಗೆ' ಜಾಗಕ್ಕೆ "ವಾಪಸ್ ಕಳಿಸು" ಎಂದು ತುಂಬಿದೆ. 'ಹೀಗೆ' ಜಾಗ ತುಂಬುವಷ್ಟರಲ್ಲಿ ಚಹಾ ಬಂತು, ಮರೆತೆ. ಷರತ್ತೇ ಇಲ್ಲದ ನಿಯಮ ಎಲ್ಲ ಮಾಲಿಗೂ ಅನ್ವಯಿಸಿತು. ಮರುದಿನ ಮಧ್ಯಾಹ್ನದವರೆಗೆ ಬಂದದ್ದೆಲ್ಲ ವಾಪಸ್. ಸಾವಕಾರರ ಸ್ವಂತ ಹೊಲದ ಚೀಲಗಳೂ ವಾಪಸ್ ಹೊರಟಾಗ ಚಾಚಾ ಹೇಳಿದರು:

"ಮೂವತ್ತು ವರ್ಷ ಆತ್ರಿ ಸಾವಕಾರ್ರ, ನನಗ ಈ ಧೈರ್ಯಾ ಬಂದಿದ್ದಿಲ್ಲ."

೨. ಹೊಗಳಿದರೆ ಇಳಿಸು

ಚಾಚಾ ಆಡಿದ್ದನ್ನೆಲ್ಲ ಅಚ್ಚಿಗೆ ತುಂಬುತ್ತಿದ್ದೆ. ಒಂದು ದಿನ, "ತಂದಾವ ತನ್ನ ಮಾಲು ತಾನ ಹೊಗಳಾಕತ್ತಿದ್ರ ತಳದಾಗ ಏನೋ ಐತಿ ಅಂತ ತಿಳೀಬೇಕು, ತಮ್ಮಾ," ಎಂದರು. ತುಂಬಿದೆ: ಹೊಗಳಿದರೆ ಒಂದು ದರ್ಜೆ ಇಳಿಸು. ಅಚ್ಚು ಹೇಗೂ ಇತ್ತಲ್ಲ, ಉಲ್ಟಾ ಸಾಲನ್ನೂ ನಾನೇ ಸೇರಿಸಿದೆ: ಬೈದರೆ ಒಂದು ದರ್ಜೆ ಏರಿಸು. ಅಂಗಡಿಯ ಗುಮಾಸ್ತರು ಮಾಲು ತಂದ ಪ್ರತಿಯೊಬ್ಬರನ್ನೂ "ಮಾಲು ಹೆಂಗೈತಿ?" ಎಂದು ಕೇಳಿ ಉತ್ತರ ಒತ್ತಬೇಕು.

ಗುಟ್ಟು ರಾಣೇಬೆನ್ನೂರು ಮುಟ್ಟಲು ಒಂದು ವಾರ ಸಾಕಾಯಿತು. ಐರಣಿಯ ಹಿರಿಯ ರೈತರೊಬ್ಬರು ಚೀಲ ಇಳಿಸುವ ಮೊದಲೇ ಶುರು ಮಾಡಿದರು: "ಇದು ಕಸಾ ಐತ್ರಿ. ದನಾ ಸೈತ ಮೂಸಂಗಿಲ್ಲ." ದರ್ಜೆ ಏರಿತು. ಅವರು ಕಂಪ್ಯೂಟರಿನ ಕಡೆ ಬಗ್ಗಿ ನೋಡಿ ಕೇಳಿದರು:

"ಇನ್ನೊಂದೀಟು ಬೈಬೇಕೇನ್ರಿ?"

೩. ಎರಡು ಸೀನು

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರಲ್ಲಿ ಬೇರೆ ಖಾರದ ಕಾಯಿ ಬೆರೆತಿದ್ದರೆ ಚಾಚಾ ಸರಿಯಾಗಿ ಎರಡು ಸಲ ಸೀನುತ್ತಿದ್ದರು. ಮೆಣಸಿನಕಾಯಿ ಪೇಟೆಯಲ್ಲಿ ಪಳಗಿದ ಮೂಗು, ಸುಮ್ಮನೆ ಸೀನುತ್ತಿರಲಿಲ್ಲ. ಅದನ್ನೂ ತುಂಬಿದೆ: ಚಾಚಾ ಎರಡು ಸಲ ಸೀನಿದರೆ ಖಾರದ ರಾಶಿಗೆ ಹಾಕು.

ಅದೇ ಕೊನೆಯ ಸಾಲು. ಪಟ್ಟಿ ಮುಗಿಯಿತೆಂದು ಸಾವಕಾರರು ಚಾಚಾಗೆ ಶಾಲು ಹೊದಿಸಿ ಬಸ್ಸು ಹತ್ತಿಸಿದರು. ನಾನೂ ಚಪ್ಪಾಳೆ ತಟ್ಟಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನದಿಂದ ಕಂಪ್ಯೂಟರ್ ಪ್ರತಿ ಮಾಲಿಗೂ ಕೇಳತೊಡಗಿತು: ಚಾಚಾ ಎರಡು ಸಲ ಸೀನಿದರೋ ಇಲ್ಲವೋ? ಗುಮಾಸ್ತರು ಪ್ರತಿ ಸಲವೂ 'ಇಲ್ಲ' ಒತ್ತಿದರು. ಅವರು ಒತ್ತಿದ್ದು ಸುಳ್ಳೇನಲ್ಲ. ಖಾರದ್ದೆಲ್ಲ ಸಪ್ಪೆ ರಾಶಿಗೆ ಸೇರಿ, ಕೊಂಡವರು ಲಾರಿಯನ್ನೇ ತಿರುಗಿಸಿ ಕಳಿಸಿದರು. ಸಾವಕಾರರು ಅನುಮಾನದ ಮಾಲಿನ ಸಣ್ಣ ಚೀಲವೊಂದನ್ನು ನನ್ನ ಕೈಗಿಟ್ಟು, ಚಾಚಾರನ್ನು ಕರೆತರಲು ಅಟ್ಟಿದರು.

ಕರ್ಜಗಿಯಲ್ಲಿ ಚಾಚಾ ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ತಪ್ಪಾಯಿತು ಎಂದೆ. ಮೊದಲೇ ಗೊತ್ತಿದ್ದೂ ಬಾಯಿ ಬಿಡಲಿಲ್ಲವೆಂದು ಒಪ್ಪಿಕೊಂಡೆ.

"ನನಗೂ ಗೊತ್ತಿತ್ತು, ತಮ್ಮಾ," ಎಂದರು. "ನೀ ಒಂದು ಮಾತು ಹೇಳ್ತಿ ಅಂತ ಕಾದೆ. ಇನ್ನ ನಾ ಬರಂಗಿಲ್ಲ."

"ಇದೊಂದು ಮಾಲು ನೋಡ್ರಿ, ಚಾಚಾ," ಎಂದು ಚೀಲವನ್ನು ಮುಂದಿಟ್ಟೆ. ಅವರು ಎರಡು ಸಲ ಸೀನಿದರು. ನಾನು ಲಗುಬಗೆಯಿಂದ ನೋಟ್‌ಬುಕ್ ತೆಗೆದು 'ಖಾರದ ರಾಶಿ' ಎಂದು ಬರೆದೆ.

ಚಾಚಾ ಮೂಗು ಒರೆಸಿಕೊಂಡು ಹೇಳಿದರು: "ನೆಗಡಿ ಆಗೇತಪಾ. ನೀ ಇನ್ನೂ ಚೀಲದ ಬಾಯೇ ಬಿಚ್ಚಿಲ್ಲ."