ಬಿಚ್ಚಿಕೊಳ್ಳದ ಜಡೆ

ಬೇಡದ ಕಡೆ ಬಾಯಿ ಹಾಕುವುದರಲ್ಲಿ ನಮ್ಮ ನಲ್ಲೂರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಯಾರ ಮನೆಯ ಎಮ್ಮೆ ಎಷ್ಟು ಹಾಲು ಕೊಡಬೇಕೆಂಬುದಕ್ಕೂ ನನ್ನದೊಂದು ಅಭಿಪ್ರಾಯವಿರುತ್ತದೆ. ಅಂಥ ನಾನು, ಬಾಯಿ ಬಿಡಲೇಬೇಕಾಗಿದ್ದ ಒಂದು ಸಂಜೆ, ಊರೆಲ್ಲ ಸೇರಿದ್ದ ಕಡೆ ತುಟಿ ಬಿಗಿದುಕೊಂಡು ನಿಂತುಬಿಟ್ಟೆ. ನನ್ನ ತಪ್ಪನ್ನು ನನ್ನ ತಂಗಿ ಹೊತ್ತುಕೊಂಡಳು. ನಾನು ಓದಿರುವುದು ಮೂರನೇ ಕ್ಲಾಸು. ಆದರೆ ಅದು ಸರಿಯಲ್ಲವೆಂದು ತಿಳಿಯಲು ಒಂದನೇ ಕ್ಲಾಸೂ ಬೇಕಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮಾರನೆಯ ಬೇಸಿಗೆ ಅದು. ರಜೆಯಲ್ಲಿ ಮರ ಹತ್ತಿ ಕೈಕಾಲು ಮುರಿದುಕೊಳ್ಳುವ ಮಕ್ಕಳನ್ನು ಹಿರಿಯರು ಹುಣಸೆ ತೋಪಿನಲ್ಲಿ ಕೂಡಿಹಾಕಿ, ಅದಕ್ಕೆ ಶಿಬಿರ ಎಂದು ಹೆಸರಿಟ್ಟರು. ಬೆಳಿಗ್ಗೆ ಭಜನೆ, ಮಧ್ಯಾಹ್ನ ಮಜ್ಜಿಗೆ, ಸಂಜೆ ಕೋಲಾಟ. ವಿಜಯಪುರದ ಗಂಡನ ಮನೆಯಿಂದ ತವರಿಗೆ ಬಂದಿದ್ದ ತಂಗಿ ನಂಜಮ್ಮ ಕೋಲಾಟ ಕಲಿಸಲು ನಿಂತಳು. ಅವಳು ಬೈಯುತ್ತಿರಲಿಲ್ಲ. ಯಾರಾದರೂ ತಪ್ಪು ಹೆಜ್ಜೆ ಹಾಕಿದರೆ ತಾನೂ ಅದೇ ಹೆಜ್ಜೆ ಹಾಕಿ ನಗಿಸಿ, ಆಮೇಲೆ ತಿದ್ದುತ್ತಿದ್ದಳು. ಮಕ್ಕಳು ಊಟ ಬಿಟ್ಟರೂ ‘ಕೋಲಾಟದಕ್ಕ’ನನ್ನು ಬಿಡಲಿಲ್ಲ. ಬೆಳಗಾಗುವ ಮೊದಲೇ ನಮ್ಮ ಜಗುಲಿಯಲ್ಲಿ ಕೋಲು ಹಿಡಿದು ಕೂತಿರುತ್ತಿದ್ದವು. ನಾನು ಹಲ್ಲುಜ್ಜುವುದರಲ್ಲೂ ತಾಳ ತಪ್ಪಿದೆ ಎನ್ನುತ್ತಿದ್ದವು.

ಕೊನೆಯ ದಿನಕ್ಕೆ ಜಡೆ ಕೋಲಾಟ. ಕೊಂಬೆಯಿಂದ ಬಣ್ಣದ ಹಗ್ಗಗಳು ಇಳಿಬಿದ್ದಿರುತ್ತವೆ. ಒಬ್ಬೊಬ್ಬರು ಒಂದೊಂದನ್ನು ಹಿಡಿದು ಒಳಗೊಮ್ಮೆ ಹೊರಗೊಮ್ಮೆ ಸುತ್ತಿದರೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಹಾಗೆಯೇ ಹಿಂದಕ್ಕೆ ಕುಣಿದರೆ ಪೂರ್ತಿ ಬಿಚ್ಚಿಕೊಳ್ಳಬೇಕು. ಕಲಿಸಿದವರ ಮರ್ಯಾದೆ ಇರುವುದು ಬಿಚ್ಚುವುದರಲ್ಲೇ. ಹಿಂದಿನ ದಿನ ಒಬ್ಬ ಹುಡುಗನಿಗೆ ಮಂಗನಬಾವು ಬಂದು ಜೋಡಿ ತಪ್ಪಿತು.

“ಅಣ್ಣಯ್ಯ, ನೀನೇ ನಿಂತ್ಕೊ.”

“ಇಷ್ಟು ದಪ್ಪ ಮೀಸೆ ಇಟ್ಕೊಂಡು ಮಕ್ಕಳ ಜೊತೆ ಕುಣೀಲೇನೆ?”

“ಮೀಸೆ ಕುಣಿಯೋದು ಬ್ಯಾಡ, ಕಾಲು ಕುಣಿದ್ರೆ ಸಾಕು.”

ಹೆಣೆಯುವವರೆಗೂ ಚೆನ್ನಾಗಿಯೇ ಕುಣಿದೆ. ಮುಂದಿನ ಸಾಲಿನಲ್ಲಿ, ನನಗೆ ಹೆಣ್ಣು ಕೊಟ್ಟ ಮಾವನವರು ಜಡಿಗೇನಹಳ್ಳಿಯಿಂದ ಬಂದು ಕೂತಿದ್ದರು. ಆಗಲೇ ನನ್ನ ಪಂಚೆ ಸಡಿಲವಾಗಬೇಕೆ! ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು. ಕೋಲನ್ನು ಬಾಯಲ್ಲಿ ಕಚ್ಚಿಕೊಂಡು ಪಂಚೆ ಬಿಗಿಯುವಷ್ಟರಲ್ಲಿ ನಂಜಮ್ಮ “ಹಿಂದಕ್ಕೆ!” ಎಂದಿದ್ದಳು. ಮಕ್ಕಳೆಲ್ಲ ಹಿಂದಕ್ಕೆ ತಿರುಗಿದವು. ನಾನೊಬ್ಬ ಮುಂದಕ್ಕೆ ಹೋದೆ. ಜಡೆ ಗಂಟಾಯಿತು. ಎಳೆದಷ್ಟೂ ಬಿಗಿಯಿತು. ನಾನು ಮಾಡಿದ್ದೇನು ಗೊತ್ತೆ? ಪಕ್ಕದಲ್ಲಿದ್ದ ಎಳೆಯ ಹುಡುಗಿ ಚಿಕ್ಕತಾಯಿಯನ್ನು ಕಣ್ಣು ಕೆಕ್ಕರಿಸಿ ನೋಡಿದೆ. ಊರೂ ಅವಳನ್ನೇ ನೋಡಿತು. ಅವಳು ಅಳತೊಡಗಿದಳು.

“ಮಕ್ಕಳದೇನೂ ತಪ್ಪಿಲ್ಲ. ನಾನು ಹೇಳ್ಕೊಟ್ಟಿದ್ದೇ ಸರಿಯಿಲ್ಲ,” ಎಂದಳು ನಂಜಮ್ಮ.

“ಅಕ್ಕಂದಲ್ಲ, ನಂದು!” ಎಂದು ಒಬ್ಬ ಕೂಗಿದ. “ಲೇ, ನಿಂದಲ್ಲ ಕಣೋ, ನಂದು!” ಎಂದ ಇನ್ನೊಬ್ಬ. ಚಿಕ್ಕತಾಯಿ ಅಳುತ್ತಲೇ ತನ್ನದೆಂದಳು. ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಹಿಂದೆ ಕೂತಿದ್ದ ಮಂಗನಬಾವಿನವನೂ ಎದ್ದು “ನಂದೇ!” ಎಂದ. ಆಡದವನೂ ತಪ್ಪು ಒಪ್ಪಿಕೊಂಡ. ಒಪ್ಪಿಕೊಳ್ಳದೆ ಉಳಿದವನು ನಾನೊಬ್ಬನೇ.

ಮುಂದಿನ ವರ್ಷ ದೊಡ್ಡಬಳ್ಳಾಪುರದಿಂದ ಯಾರನ್ನಾದರೂ ಕರೆಸೋಣ ಎಂದು ಹಿರಿಯರು ಮೆಲ್ಲಗೆ ಮಾತಾಡಿಕೊಂಡರು.

ಮಾರನೆಯ ಬೆಳಿಗ್ಗೆ ತಂಗಿಗೆ ಹೇಳಿಬಿಡೋಣವೆಂದು ಅಡುಗೆಮನೆಗೆ ಹೋದೆ. ಬಾಯಿಂದ ಬಿದ್ದದ್ದು, “ಈ ಸಲ ಹುಣಸೆ ಚೆನ್ನಾಗಿ ಬಿಟ್ಟದೆ.” ಅವಳು “ಹೂಂ” ಎಂದು, ಗಂಡನ ಮನೆಗೆ ಹೊರಡಲು ಬಟ್ಟೆ ಗಂಟು ಕಟ್ಟಿದಳು. ಮಕ್ಕಳು ಆಗಲೇ ಬಾಗಿಲಲ್ಲಿ ಮುತ್ತಿದ್ದವು. “ಬರೋ ಬೇಸಿಗೆಗೂ ನೀನೇ ಬಾ ಅಕ್ಕ,” ಎಂದಳು ಚಿಕ್ಕತಾಯಿ.

“ನಂಗೆ ಸರಿಯಾಗಿ ಬರಲ್ಲ ಕಣವ್ವ. ಚೆನ್ನಾಗಿ ಬರೋರು ಯಾರಾದ್ರೂ ಹೇಳ್ಕೊಡ್ತಾರೆ.”

ನಂಜಮ್ಮ ಅದನ್ನು ನಿಜವೆಂದೇ ನಂಬಿ ಹೇಳಿದಳು. ಜಗುಲಿಯಲ್ಲಿ ಮಾವನವರು ಕಾಫಿ ಕುಡಿಯುತ್ತಿದ್ದರು. ಕುಡಿಯಲಿ, ಕೇಳಿಸಿಕೊಳ್ಳಲಿ ಎಂದು ಗಂಟಲು ಸರಿಮಾಡಿಕೊಂಡೆ.

“ನಂಜಮ್ಮ, ನೀನು ಕಲಿಸಿದ್ದು ಸರಿಯಾಗೇ ಇತ್ತು. ಹಿಂದಕ್ಕೆ ಅಂದಾಗ ಮುಂದಕ್ಕೆ ಹೋದೋನು ನಾನು. ಚಿಕ್ಕತಾಯಿ, ನಿನ್ನ ಮೇಲೆ ಕಣ್ಣು ಬಿಟ್ಟೋನೂ ನಾನೇ. ತಪ್ಪಾಯ್ತು ಕಣ್ರವ್ವ, ಹೊಟ್ಟೆಗೆ ಹಾಕ್ಕೊಳ್ಳಿ.”