ಹೊಗಳಿಕೆಯ ಬೇಸಾಯ

ನನ್ನ ಕಷ್ಟ ಹೇಳಿಕೊಂಡರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಮನೆಯಲ್ಲಿ ಈಗಾಗಲೇ ಇಬ್ಬರು ನಗುತ್ತಿದ್ದಾರೆ.

ಕನ್ನಡಕದ ಅಂಗಡಿ ಇಟ್ಟುಕೊಂಡಿರುವ, ತಲೆ ಅರ್ಧ ಬೋಳಾದ ನಾನು, ಸಂಜೆಯಾದರೆ ಟಿವಿಯ ಮುಂದೆ ಕೂತು ಖಡ್ಗಧಾರಿಯಾಗುತ್ತೇನೆ. (ವಿಡಿಯೋ ಗೇಮಿನಲ್ಲಿ.) ಆ ಲೋಕದ ಕೊನೆಯಲ್ಲೊಂದು ಡ್ರ್ಯಾಗನ್ ಇದೆ. ಅದನ್ನು ನನ್ನ ಕೈಯಾರೆ ಕೊಲ್ಲಬೇಕು ಎಂಬುದೊಂದೇ ನನ್ನ ಆಸೆ. ಕೊಲ್ಲಲು ಶಕ್ತಿ ಬೇಕು, ಶಕ್ತಿಗೆ ಅಂಕ ಬೇಕು, ಅಂಕಕ್ಕೆ ಕೆರೆದಂಡೆಯ ಕಪ್ಪೆ ಹೊಡೆಯಬೇಕು. ಹೊಡೆದು, ಪಕ್ಕದ ಗುಡಿಸಲೊಳಗೆ ಹೊಕ್ಕು ಹೊರಬಂದರೆ ಅದೇ ಕಪ್ಪೆ ಮತ್ತೆ ಅಲ್ಲೇ ಕೂತಿರುತ್ತದೆ. ಮತ್ತೆ ಹೊಡೆಯಬೇಕು. ಬಲ್ಲವರು ಇದನ್ನು ಗ್ರೈಂಡಿಂಗ್ ಎನ್ನುತ್ತಾರೆ. ನನ್ನ ಹೆಂಡತಿ ಬೇರೇನೋ ಎನ್ನುತ್ತಾಳೆ.

"ಸತ್ತ ಕಪ್ಪೇನೇ ಎಷ್ಟು ಸಲ ಸಾಯಿಸ್ತೀರಿ? ಬೇಜಾರಾಗಲ್ವಾ?"

"ಇದರ ಹಿಂದೆ ಲೆಕ್ಕಾಚಾರ ಇದೆ ಕಣೇ, ನಿಂಗೆ ಅರ್ಥ ಆಗಲ್ಲ."

"ಕಪ್ಪೆಗಾದ್ರೂ ಅರ್ಥ ಆಗುತ್ತಾ?"

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಗಾಡಿಗೆ ಬ್ರೇಕ್ ಒತ್ತುವುದೇ ಕೆಲಸ. ಮನೆಗೆ ಬಂದರೆ ನಾನು ಸಿಗುತ್ತೇನೆ.

ಅಂತೂ ಕಪ್ಪೆಸಂಹಾರ ಮುಗಿಸಿ ಡ್ರ್ಯಾಗನ್ನಿನ ಬಾಗಿಲಿಗೆ ಬಂದು ನಿಂತೆ. ಇನ್ನು ಬೇಕಾದದ್ದು, ಯಾರೂ "ರೀ" ಎನ್ನದ ಒಂದು ಭಾನುವಾರ. (ಮದುವೆಯಾದವರಿಗೆ ಗೊತ್ತು, ಇದಕ್ಕಿಂತ ಡ್ರ್ಯಾಗನ್ ಸುಲಭ.)

ಹೀಗಿರುವಾಗ ಒಂದು ದಿನ, ಯಾವುದೋ ಗುಂಗಿನಲ್ಲಿ, ಚಹಾ ಕುಡಿದ ಲೋಟವನ್ನು ನಾನೇ ತೊಳೆದಿಟ್ಟೆ. ನಮ್ಮ ಜೊತೆಗೇ ಇರುವ ಅತ್ತೆ ನೋಡಿಬಿಟ್ಟರು.

"ನೋಡೇ, ಅಳಿಯಂದ್ರು ಎಷ್ಟು ಚೆನ್ನಾಗಿ ತೊಳೀತಾರೆ!" ಎಂದು ಮಗಳಿಗೆ ಕೂಗಿ ಹೇಳಿದರು.

ಆ ಸಂಜೆ ಹೆಂಡತಿ ಕಪ್ಪೆಯ ವಿಷಯಕ್ಕೆ ತುಟಿ ಬಿಚ್ಚಲಿಲ್ಲ. ನನ್ನ ಕಿವಿ ನೆಟ್ಟಗಾಯಿತು. ಒಂದು ಲೋಟ, ಒಂದು ಹೊಗಳಿಕೆ, ಒಂದು ಸಂಜೆಯ ಶಾಂತಿ! ಸಂಸಾರವೆಂಬ ಈ ಮಹಾವ್ಯವಸ್ಥೆಯಲ್ಲೂ ನುಸುಳಲು ಒಂದು ಕಿಂಡಿ ಇದೆ ಎಂದಾಯಿತು.

ಮರುದಿನದಿಂದಲೇ ಬೇಸಾಯ ಶುರು. ಅತ್ತೆಯ ಹೆಜ್ಜೆ ಸದ್ದು ಕೇಳಿದ ಕೂಡಲೇ ತೊಳೆದ ಲೋಟವನ್ನೇ ಸೋಪಿನಲ್ಲಿ ಅದ್ದಿ ಉಜ್ಜತೊಡಗುತ್ತಿದ್ದೆ. ಅವರು ಹೊಗಳಿ ಅಂಗಳಕ್ಕೆ ಹೋಗಿ ಮರಳುವಾಗ ಅದೇ ಲೋಟ, ಅದೇ ನೊರೆ, ಹೊಸ ಹೊಗಳಿಕೆ. "ಪಾಪ, ಆಗ್ಲಿಂದ ತೊಳೀತಾನೇ ಇದಾರೆ!" ಲೋಟದ ಮೇಲಿದ್ದ ಹೂವಿನ ಚಿತ್ರ ಅಳಿಸಿಹೋಯಿತು. ನನ್ನ ಕೀರ್ತಿ ಬೆಳೆಯಿತು. ಅಕ್ಕಪಕ್ಕದ ಗಂಡಂದಿರು ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದರು.

ಶನಿವಾರ ಹೆಂಡತಿ ತಾನಾಗಿಯೇ ಬಂದಳು. "ವಾರವೆಲ್ಲ ದುಡಿದಿದೀರಿ. ನಾಳೆ ಕೂತು ಆಡ್ಕೊಳ್ಳಿ, ಯಾರೂ ಮಾತಾಡ್ಸಲ್ಲ." ನಾನು ಒಳಗೊಳಗೇ ಕುಣಿದೆ.

ಭಾನುವಾರ ಡ್ರ್ಯಾಗನ್ನಿನ ಬಾಗಿಲು ತೆರೆಯುವಷ್ಟರಲ್ಲಿ ಮನೆಯ ಬಾಗಿಲು ಬಡಿದ ಸದ್ದಾಯಿತು. ಅತ್ತೆ ಫೋನಿನಲ್ಲಿ ನನ್ನ ಗುಣಗಾನ ಮಾಡಿದ್ದರಂತೆ. ಅವರ ತಂಗಿಯರು ಮಕ್ಕಳು ಮೊಮ್ಮಕ್ಕಳ ಸಮೇತ ಈ ಅಪರೂಪದ ಅಳಿಯನನ್ನು ನೋಡಲು ಊಟಕ್ಕೇ ಬಂದಿದ್ದರು! ಉಂಡೆದ್ದ ಮೇಲೆ ಪಾತ್ರೆಗಳ ಗುಡ್ಡವೇ ಬಿತ್ತು. ಅತ್ತೆಯ ತಂಗಿಯರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

"ಹ್ಞೂಂ, ಶುರು ಮಾಡಿ ಅಳಿಯಂದ್ರೇ. ನೋಡ್ತೀವಿ."

ತಳ ಸೀದ ಹಂಡೆಯಂಥ ಪಾತ್ರೆಯೊಳಗೆ ತಲೆಯಿಟ್ಟು ಉಜ್ಜುತ್ತಿದ್ದಾಗ ನಡುಮನೆಯಿಂದ ಒಂದು ಘೋರ ಗರ್ಜನೆ ಕೇಳಿಸಿತು. ನೊರೆಗೈಯಲ್ಲೇ ಓಡಿದೆ. ನನ್ನ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು, ಸುತ್ತ ಮಕ್ಕಳು. ಪರದೆಯ ಮೇಲೆ ಡ್ರ್ಯಾಗನ್ ಕಾಲು ಚಾಚಿ ಬಿದ್ದಿತ್ತು.

"ಏನೇ ಮಾಡ್ದೆ ಇದು? ಅದು ನಂದು! ನಾನು ಕೊಲ್ಬೇಕಿತ್ತು!" ಸುಳ್ಳೇಕೆ, ಅಳುವೇ ಬಂತು.

"ಮಕ್ಕಳು ಹಟ ಮಾಡಿದ್ವು, ಸುಮ್ನೆ ಒತ್ತಿದೆ. ಎರಡೇಟಿಗೇ ಬಿತ್ತು ರೀ! ಅಷ್ಟು ಕಪ್ಪೆ ಹೊಡೆದಿದ್ದು ದಂಡ ಆಗ್ಲಿಲ್ಲ ಬಿಡಿ."

"ನಾಳೆ ಆಡ್ಕೊಳ್ಳಿ ಅಂತ ನೀನೇ ಹೇಳಿದ್ದಲ್ವಾ? ನಾನು ವಾರವೆಲ್ಲ ತೊಳೆದದ್ದು..."

"ಒಂದೇ ಲೋಟ. ಗೊತ್ತು." ಅವಳು ನಕ್ಕಳು. "ಹೊಗಳಿದ್ರೆ ತೊಳೀತಾರೆ, ಬಿಡ್ಬೇಡ ಅಂತ ಅಮ್ಮನಿಗೆ ಹೇಳಿಕೊಟ್ಟವಳು ಯಾರು ಅಂದ್ಕೊಂಡ್ರಿ?"

ಒಳಗಿನಿಂದ, "ಅಳಿಯಂದ್ರೇ, ಬಾಣಲೆ ಉಳಿದಿದೆ!" ಎಂದು ಕೂಗು ಬಂತು. ಹೋಗಿ ಉಜ್ಜಿದೆ. ನಿಜವಾಗಿ ಚೆನ್ನಾಗಿಯೇ ಉಜ್ಜಿದೆ. ಮುಗಿಸಿದ ಮೇಲೆ, ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ಒಮ್ಮೆ ಹಿಂತಿರುಗಿಯೂ ನೋಡಿದೆ.