ಐದು ಡಬ್ಬಿಗೆ ಹನ್ನೆರಡು ಮಡಿಕೆ

ನಮ್ಮ ಮಾವನ ಕಣ್ಣೆದುರು ಎರಡು ಲೋಟಗಳನ್ನು ಅಕ್ಕಪಕ್ಕ ಇಡಬಾರದು. ಇಟ್ಟಿರೋ, ನಿಮ್ಮ ಕಾಫಿ ತಣ್ಣಗಾದಂತೆಯೇ! ಒಂದು ಲೋಟವಾದರೆ ತೊಂದರೆಯಿಲ್ಲ, ಎಲ್ಲರಂತೆ ಕುಡಿದು ಕೆಳಗಿಡುತ್ತಾರೆ. ಎರಡಾದರೆ ಮಾತ್ರ ಜೇಬಿನಿಂದ ಟೈಲರ್ ಟೇಪು ಹೊರಗೆ ಬರುತ್ತದೆ. ಬಾಯಿಯ ಅಗಲ, ತಳದ ಅಗಲ, ಎತ್ತರ, ಎರಡರ ನಡುವಿನ ಸಂದು ಎಲ್ಲವನ್ನೂ ಅಳೆದು, ಕೈಗೆ ಸಿಕ್ಕಿದ ರಟ್ಟಿನ ಹಿಂದೆ ಗೀಚಿಕೊಂಡು, "ಇವೆರಡನ್ನೂ ಒಂದ್ರಾಗೆ ಕೂರಿಸಬೋದು ಕಣ್ಮಗಾ" ಎನ್ನುವಷ್ಟರಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿರುತ್ತದೆ. ಜಾತಕ ಹಿಡಿದು ಓಡಾಡುವ ಮದುವೆ ಬ್ರೋಕರು ಕೂಡ ಜೋಡಿ ಕೂಡಿಸುವುದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದನ್ನು ನಾನು ಕಂಡಿಲ್ಲ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ರಟ್ಟಿನ ಡಬ್ಬ ಮಾಡಿದವರು. ಸಿಹಿತಿಂಡಿಯ ಡಬ್ಬ, ಊದುಬತ್ತಿಯ ಡಬ್ಬ, ಔಷಧಿ ಬಾಟಲಿಯ ಡಬ್ಬ. ನಿವೃತ್ತರಾದ ಮೇಲೆ ಪ್ರೆಸ್ಸು ಅವರನ್ನು ಬಿಟ್ಟಿತು, ರಟ್ಟು ಬಿಡಲಿಲ್ಲ. ಅವರು ಮಾಡುವ ಡಬ್ಬಕ್ಕೆ ಮಡಿ ಮೈಲಿಗೆ ಬಹಳ. ಒಂದೇ ಹಾಳೆ ರಟ್ಟಿನಲ್ಲಿ ಆಗಬೇಕು. ಗೋಂದು ಕೂಡದು, ಪಿನ್ನು ಕೂಡದು, ಅಂಟಿಸುವ ಟೇಪನ್ನಂತೂ ಮುಟ್ಟುವ ಹಾಗಿಲ್ಲ. ಕತ್ತರಿಸುವುದು, ಮಡಿಸುವುದು, ಒಂದು ಕಡೆಯ 'ನಾಲಿಗೆ'ಯನ್ನು ಇನ್ನೊಂದು ಕಡೆಯ 'ಬಾಯಿ'ಗೆ ತೂರಿಸುವುದು, ಅಷ್ಟೇ. ನಾಲ್ಕು ಬಾಟಲಿಯೋ ಆರು ಲೋಟವೋ ತಮ್ಮ ತಮ್ಮ ತೂತಿನಲ್ಲಿ ಒಂದಕ್ಕೊಂದು ತಾಗದೆ ಕೂತು, ಮೇಲಿನ ಹಿಡಿ ಹಿಡಿದು ಎತ್ತಿದರೆ ಅಲುಗದೆ ಬರಬೇಕು. "ನಾಲಗೆ ಬಾಯೊಳ್ಗಿದ್ರೆ ಏನೂ ಚೆಲ್ಲಲ್ಲ" ಎಂದು ಅವರು ಹೇಳುವುದು ಖಂಡಿತವಾಗಿ ಡಬ್ಬದ ಬಗ್ಗೆಯೇ. ಆದರೆ ಅತ್ತೆಯ ಎದುರು ಹೇಳಿ ಹಲವು ಸಲ ಊಟಕ್ಕೆ ಕಾಯಬೇಕಾಗಿ ಬಂದಿದೆ.

ನನ್ನ ಮದುವೆಯ ಕಥೆ ಕೇಳಿ. ನಮ್ಮಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಮುಹೂರ್ತ ಹತ್ತಿರ ಬಂತು, ಮಾವ ಪತ್ತೆಯಿಲ್ಲ! ಪುರೋಹಿತರು ಎರಡು ಸಲ ಕೂಗಿದರು, ಅಪ್ಪ ನಾಲ್ಕು ಸಲ ಕೂಗಿದರು. ಕೊನೆಗೆ ಸಿಕ್ಕಿದ್ದು ಊಟದ ಹಾಲಿನಲ್ಲಿ. ಬಡಿಸುವವರು ಪಾಯಸದ ಲೋಟಗಳನ್ನು ಎರಡೆರಡೇ ಹಿಡಿದು ಓಡಾಡುವುದನ್ನು ನೋಡಲಾಗದೆ, ಲಗ್ನಪತ್ರಿಕೆ ತುಂಬಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಎಂಟು ಲೋಟದ ಡಬ್ಬ ಮಾಡುತ್ತ ಕೂತಿದ್ದರು. ಅಪ್ಪ ಎಳೆದುಕೊಂಡು ಬಂದರು, ಮಾವ ಡಬ್ಬ ಬಿಡಲಿಲ್ಲ. ಇವತ್ತಿಗೂ ನನ್ನ ಆಲ್ಬಮ್ಮಿನಲ್ಲಿ ಆ ಫೋಟೋ ಇದೆ. ಮಾವನ ಒಂದು ಕೈಯಲ್ಲಿ ನಾನು, ಇನ್ನೊಂದು ಕೈಯಲ್ಲಿ ಎಂಟು ಲೋಟ ಪಾಯಸ. ಪಾಯಸ ನೆಟ್ಟಗಿದೆ, ನಾನೇ ಸ್ವಲ್ಪ ವಾಲಿದ್ದೇನೆ.

ಮಾಡಿದ ಡಬ್ಬವನ್ನು ಪರೀಕ್ಷೆ ಮಾಡಬೇಕಲ್ಲ? ಅದಕ್ಕೆ ತುಮಕೂರಿನಿಂದ ಗುಬ್ಬಿಗೆ ಬರುವ ಬಸ್ಸು. ನಮ್ಮಮ್ಮನ ಮನೆ ಇರುವುದು ಗುಬ್ಬಿಯಲ್ಲಿ. ಅಕ್ಕನನ್ನು ನೋಡುವ ನೆಪದಲ್ಲಿ ಮಾವ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂರುತ್ತಿದ್ದರು, ಏಕೆಂದರೆ ಕುಲುಕಾಟ ಅಲ್ಲೇ ಹೆಚ್ಚು. ತೊಡೆಯ ಮೇಲೆ ಡಬ್ಬ, ಡಬ್ಬದಲ್ಲಿ ಆರು ಬಾಟಲಿ, ಬಾಟಲಿಗಳಲ್ಲಿ ಕುಂಕುಮ ಕಲಸಿದ ಕೆಂಪು ನೀರು. ಮುಚ್ಚಳ ಇಲ್ಲ! ಮುಚ್ಚಳ ಹಾಕಿದರೆ ಅದು ಮುಚ್ಚಳದ ಪರೀಕ್ಷೆಯಾಗುತ್ತದೆ, ಡಬ್ಬದ ಪರೀಕ್ಷೆ ಹೇಗಾಗುತ್ತದೆ ಎಂದು ಅವರ ವಾದ. ರಸ್ತೆಯ ಯಾವ ಹಂಪಿನಲ್ಲಿ ಎಷ್ಟು ಹನಿ ಚೆಲ್ಲಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವರು. ಒಮ್ಮೆ ಪಕ್ಕದಲ್ಲಿ ಕೂತವನು ಬಿಳಿ ಪಂಚೆ ಉಟ್ಟು ಗುಬ್ಬಿಗೆ ಹೆಣ್ಣು ನೋಡಲು ಹೊರಟಿದ್ದನಂತೆ. ಆ ದಿನ ಚೆಲ್ಲಿದ್ದು ಹನಿಯಲ್ಲ, ಅರ್ಧ ಬಾಟಲಿ. ಕಂಡಕ್ಟರು ಬಂದು ನೋಡಿ, ಯಜಮಾನ್ರೇ, ಇನ್ನೊಂದು ಸಲ ಬರೀ ನೀರು ತನ್ನಿ ಎಂದು ಕೈ ಮುಗಿದರಂತೆ. ಆ ಸಂಬಂಧ ಕುದುರಿತು ಎಂದು ಆಮೇಲೆ ಯಾರೋ ಹೇಳಿದರು. ಮಾವ ಅದನ್ನೂ ಆ ಡಬ್ಬದ ಒಳ್ಳೆಯ ಗುಣಗಳ ಜೊತೆಗೇ ಬರೆದಿಟ್ಟರು.

ಈ ಡಬ್ಬಗಳ ಒಳಗೆ ಹೋಗುತ್ತಿದ್ದುದು ಏನು ಎಂದರೆ ಅತ್ತೆಯ ಅಡುಗೆ. ಅತ್ತೆ ಕುಣಿಗಲ್ ಕಡೆಯವರು, ಹುತ್ರಿದುರ್ಗದ ಬುಡದ ಹಳ್ಳಿ. ಮಾವನಿಗೆ ಡಬ್ಬದ ಹುಚ್ಚಾದರೆ ಅತ್ತೆಗೆ ಕೊಡುವ ಹುಚ್ಚು. ಉಪ್ಪಿನಕಾಯಿ ಹಾಕಿದರೆ ಬೀದಿಗೆಲ್ಲ, ಗೊಜ್ಜು ಮಾಡಿದರೆ ಗುಬ್ಬಿಯವರೆಗೆ. ಯಾರ ಮನೆಗೂ ಬರಿಗೈಯಲ್ಲಿ ಹೋದವರಲ್ಲ. ಕೊಡುವಾಗ ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಅದಕ್ಕೆ ಮುಟ್ಟಿಸಿ, ಸ್ವಲ್ಪ ಬಾಗಿ ಕೊಡುವರು. ತಗೊಳ್ಳುವವರಿಗೇ ಮುಜುಗರವಾಗಬೇಕು, ಅಷ್ಟು ಮರ್ಯಾದೆ.

ಅಂಥ ಅತ್ತೆಗೆ ಮೂರು ವರ್ಷದ ಕೆಳಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ತಿರುಗಿ ಬಂತು. ಬಲಗೈ ಮಾತ್ರ ಬರಲಿಲ್ಲ. ತೋಳು ಒಂದಿಷ್ಟು ಆಡುತ್ತದೆ, ಬೆರಳು ಏನನ್ನೂ ಹಿಡಿಯುವುದಿಲ್ಲ. ಅಡುಗೆಯನ್ನು ಅತ್ತೆ ಬಿಡಲಿಲ್ಲ, ಮಾವ ಹೆಚ್ಚಿಕೊಟ್ಟರೆ ಎಡಗೈಯಲ್ಲೇ ಒಗ್ಗರಣೆ ಹಾಕುವರು. ಕೊಡುವುದನ್ನು ಬಿಟ್ಟರು. ಒಗ್ಗರಣೆಗೆ ಎಡಗೈ ನಡೆಯುತ್ತದೆ, ಕೊಡುವುದಕ್ಕೆ ನಡೆಯುವುದಿಲ್ಲ! ಕಾಫಿ ಮಾಡಿ ಮೇಜಿನ ಮೇಲಿಟ್ಟು ಮುಖ ತಿರುಗಿಸಿಕೊಳ್ಳುವರು. ಮನೆಗೆ ಬಂದ ಹೆಂಗಸರಿಗೆ ಕುಂಕುಮದ ಬಟ್ಟಲು ತೋರಿಸಿ, ನೀವೇ ಇಟ್ಕೊಳಿ ಎನ್ನುವರು. ಬರಬರುತ್ತ ಹೊರಗೆ ಹೋಗುವುದೂ ನಿಂತಿತು. ಬರಿಗೈಯಲ್ಲಿ ಹೋಗಲಾರರು, ಎಡಗೈಯಲ್ಲಿ ಕೊಡಲಾರರು. ಇನ್ನೆಲ್ಲಿಗೆ ಹೋಗುವುದು? ಮಾವನ ಡಬ್ಬಗಳು ಅಟ್ಟ ಸೇರಿದವು. ಆ ಮನೆಗೆ ಹೋಗಿ ಬಂದರೆ ಎರಡು ದಿನ ನನಗೆ ಏನೂ ಬೇಡವಾಗುತ್ತಿತ್ತು.

ಹೀಗಿರುವಾಗ ಹೋದ ವರ್ಷ, ಮದುವೆಯಾಗಿ ಎಂಟು ವರ್ಷಕ್ಕೆ, ನಾನು ಬಸುರಿಯಾದೆ. ನಮ್ಮ ಮನೆಯಲ್ಲಿ ಏಳನೇ ತಿಂಗಳಿಗೆ ಬಸುರಿಯನ್ನು ಹಸೆಯ ಮೇಲೆ ಕೂರಿಸಿ ಬುತ್ತಿ ಕೊಡುವ ಪದ್ಧತಿ ಇದೆ. ಮೊದಲ ಬುತ್ತಿ ಸೋದರಮಾವನ ಹೆಂಡತಿಯದು. ಹುಳಿಯನ್ನ, ಚಿತ್ರಾನ್ನ, ಮೊಸರನ್ನ, ಸಿಹಿಯನ್ನ ಮತ್ತು ಬಸುರಿ ಬಯಸಿದ್ದು ಒಂದು, ಒಟ್ಟು ಐದು ಡಬ್ಬಿ. ನಾನು ಬಯಸಿದ್ದು ಅತ್ತೆಯ ಮಾವಿನಕಾಯಿ ಗೊಜ್ಜು. ಎಂಟು ವರ್ಷವೂ ನನಗಿಂತ ಹೆಚ್ಚಾಗಿ ಹರಕೆ ಹೊತ್ತವರು ಅತ್ತೆ. ಶಾಸ್ತ್ರಕ್ಕೆಂದು ಗುಬ್ಬಿಗೆ ಬಂದಿದ್ದ ನಾನು ಫೋನು ಮಾಡಿ ಕರೆದರೆ, ಅಡಿಗೆ ಮಾಡಿ ನಿಮ್ಮಾವನ ಕೈಲಿ ಕಳಿಸ್ತೀನಿ, ನಾನು ಬರಲ್ಲ ಎಂದುಬಿಟ್ಟರು.

"ಅತ್ತೆ, ಎಡಗೈಲಿ ಕೊಟ್ರೂ ನಂಗೇನೂ ಬೇಜಾರಿಲ್ಲ" ಎಂದೆ.

"ನಿಂಗಿಲ್ಲ ಕಣವ್ವ, ನಂಗೈತೆ" ಎಂದರು ಅತ್ತೆ. "ಎಂಟು ವರ್ಸಕ್ಕೆ ಬಂದಿರೋ ಕೂಸು. ಅದಕ್ಕೆ ಕೊಡೋ ಮೊದಲ್ನೇ ತುತ್ತು ಎಡಗೈಲಾ?"

ಅಷ್ಟರಲ್ಲಿ ಮಾವ ಫೋನು ತೆಗೆದುಕೊಂಡರು. ಸಮಾಧಾನದ ಮಾತು ಹೇಳುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು, ಐದು ಡಬ್ಬಿಯೂ ಒಂದೇ ಅಳತೆಯವೋ, ಗೊಜ್ಜಿನದು ಬೇರೆಯೋ ಎಂದು. ನನಗೆ ಸಿಟ್ಟು ಬಂದು ಫೋನು ಇಟ್ಟೆ.

ಅಟ್ಟದಿಂದ ರಟ್ಟು ಕೆಳಗಿಳಿಯಿತು. ಆಗ ಆದದ್ದೇ ಮಡಿಕೆಯ ಪ್ರಕರಣ. ಅತ್ತೆಯ ತಮ್ಮ ಹಳ್ಳಿಯಲ್ಲಿ ರಾಗಿ ಬೆಳೆದುಕೊಂಡಿರುವ, ದೊಡ್ಡ ಮೀಸೆಯ, ಚಿಕ್ಕ ಕಿವಿಯ ಮನುಷ್ಯ. ಚಿಕ್ಕ ಕಿವಿ ಅಂದರೆ ಕೇಳುವುದು ಕಮ್ಮಿ. ಮಾವ ಅವನಿಗೆ ಫೋನಿನಲ್ಲಿ ಬುತ್ತಿ ಶಾಸ್ತ್ರದ ದಿನ ತಿಳಿಸುತ್ತ, ತಮ್ಮ ಕಷ್ಟವನ್ನೂ ತೋಡಿಕೊಂಡರು. ಐದು ಡಬ್ಬಿ ಕೂರಬೇಕಾದರೆ ಹನ್ನೆರಡು ಮಡಿಕೆ ಬೇಕು, ಹತ್ತರಲ್ಲಿ ಆಗುತ್ತಿಲ್ಲ ಎಂದರು. ಭಾಮೈದ, ಆಗ್ಲಿ ಭಾವ ಎಂದ. ಮೂರನೇ ದಿನ ಬೆಳಿಗ್ಗೆ ಕುಣಿಗಲ್ ಬಸ್ಸಿನಿಂದ ಇಳಿದು ಗೋಣಿಚೀಲ ಹೊತ್ತುಕೊಂಡು ಮನೆಗೆ ಬಂದ. ಬಿಚ್ಚಿದರೆ ರಾಗಿ ಹುಲ್ಲಿನ ನಡುವೆ ಹನ್ನೆರಡು ಮಣ್ಣಿನ ಮಡಿಕೆ!

"ನಾನಂದಿದ್ದು ರಟ್ಟಿನ ಮಡಿಕೆ ಕಣಯ್ಯ, ಮಡಿಸೋದು" ಎಂದರು ಮಾವ.

"ಶಾಸ್ತ್ರಕ್ಕೆ ಅಂದ್ರಲ್ಲ ಭಾವ. ಮಡಿಕೆ ಅಂದ್ರೆ ಮಡಿಕೇನೆ" ಎಂದ ಭಾಮೈದ.

ಮಾವನಿಗೆ ನಿಜವಾಗಿ ನೋವಾದದ್ದು ಬೇರೆ ವಿಷಯಕ್ಕೆ. ಹನ್ನೆರಡರಲ್ಲಿ ಒಂದೂ ಒಡೆದಿರಲಿಲ್ಲ, ಒಂದು ಬಿರುಕೂ ಇರಲಿಲ್ಲ. ಮೂವತ್ತು ವರ್ಷದ ವಿದ್ಯೆ ಒಂದು ಹಿಡಿ ಹುಲ್ಲಿನ ಎದುರು ತಲೆ ತಗ್ಗಿಸಿ ನಿಂತಿತ್ತು. ಈ ಕಥೆಯನ್ನು ಫೋನಿನಲ್ಲಿ ನನಗೆ ಹೇಳಿದವರು ಅತ್ತೆ. ಎರಡು ವರ್ಷದ ಮೇಲೆ ಅವರು ನಕ್ಕಿದ್ದನ್ನು ಅವತ್ತು ಕೇಳಿದೆ. ಮಡಿಕೆ ನೋಡುತ್ತಿದ್ದ ಹಾಗೆ ಅತ್ತೆಗೆ ತವರಿನ ಕೆರೆ ನೆನಪಾಯಿತಂತೆ. ಚಿಕ್ಕವರಿದ್ದಾಗ ನೀರು ತುಂಬಿದ ಮಡಿಕೆಯನ್ನು ಬಲಸೊಂಟಕ್ಕೆ ಏರಿಸಿ, ತೋಳು ಬಳಸಿ, ಏರಿ ಹತ್ತಿ ಬರುತ್ತಿದ್ದರಂತೆ. ಬೆರಳಿಗೆ ಏನೂ ಕೆಲಸವಿರಲಿಲ್ಲ, ಭಾರವೆಲ್ಲ ಸೊಂಟದ್ದೇ ಎಂದು ತಮ್ಮನಿಗೆ ನೆನಪು ಮಾಡಿಕೊಟ್ಟರಂತೆ.

ಆ ಮಾತು ಕೇಳಿದ್ದೇ ಮಾವ ಎದ್ದು ಟೇಪು ತಂದರು. ಅಕ್ಕನ ಮೈಕಟ್ಟೇ ಇದ್ದ ಭಾಮೈದನನ್ನು ಅಂಗಳದಲ್ಲಿ ನಿಲ್ಲಿಸಿ, ಸೊಂಟಕ್ಕೆ ಮಡಿಕೆ ಏರಿಸಿ, ಸುತ್ತ ಅಳತೆ ತೆಗೆಯತೊಡಗಿದರು. ಅರವತ್ತು ವರ್ಷದ ಮೀಸೆಯ ಗಂಡಸು ನೀರಿಗೆ ಹೊರಟ ಹೆಣ್ಣುಮಗಳ ಹಾಗೆ ಸೊಂಟ ವಾಲಿಸಿಕೊಂಡು ನಿಂತಿದ್ದಾನೆ, ಇನ್ನೊಬ್ಬರು ಮೊಣಕಾಲೂರಿ ಟೇಪು ಸುತ್ತುತ್ತಿದ್ದಾರೆ! ಎದುರು ಮನೆಯಾಕೆ ಗೇಟು ಹಾಕಿಕೊಂಡು ಒಳಗೆ ಹೋದರಂತೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಒಳಗಿದ್ದ ಕೂಸೂ ಒದೆಯಿತು.

ವಾರದ ಮೇಲೆ ಮಾವ ಹೊಸ ಡಬ್ಬವನ್ನು ಬಸ್ಸಿನಲ್ಲಿ ಪರೀಕ್ಷೆ ಮಾಡುತ್ತ ಗುಬ್ಬಿಗೆ ಬಂದರು. ನೋಡಿದರೆ ವಿಚಿತ್ರವಾಗಿತ್ತು. ಒಂದು ಪಕ್ಕ ಒಳಕ್ಕೆ ಬಾಗಿದೆ. ಮೇಲೆ ಹಿಡಿಯೇ ಇಲ್ಲ. ಅದರ ಬದಲು ಪಕ್ಕದಲ್ಲಿ ಒಂದು ಅಗಲವಾದ ಪಟ್ಟಿ, ಮೊಣಕೈ ತೂರುವಷ್ಟು ದೊಡ್ಡದು. ಮಾವ, ಇದು ಮಳೆಗೆ ನೆಂದು ಸೊಟ್ಟಗಾಗಿದೆ, ಹಿಡಿ ಮಾಡುವುದನ್ನೂ ಮರೆತಿದ್ದೀರಿ ಎಂದು ರೇಗಿಸಿದೆ. ಅಮ್ಮನೂ ಜೊತೆಗೂಡಿ, ನಮ್ಮ ತಮ್ಮನಿಗೆ ವಯಸ್ಸಾಯಿತು ಎಂದರು. ಮಾವ ಡಬ್ಬದ ನಾಲಿಗೆ ಬಿಡಿಸಿ, ಅದನ್ನು ಚಪ್ಪಟೆ ಮಾಡಿ ಚೀಲಕ್ಕಿಟ್ಟುಕೊಂಡು, "ಇದು ನಿಂಗಲ್ಲ ಕಣ್ಮಗಾ" ಎಂದಷ್ಟೇ ಹೇಳಿ ಮುಂದಿನ ಬಸ್ಸಿಗೆ ಹೊರಟರು.

ಬುತ್ತಿಯ ದಿನ ನನ್ನನ್ನು ಹಸೆಯ ಮೇಲೆ ಕೂರಿಸಿದ್ದರು. ಹೆಂಗಸರು ತಮ್ಮ ತಮ್ಮ ಡಬ್ಬಿ ಹಿಡಿದು ಕಾಯುತ್ತಿದ್ದರು. ಮೊದಲ ಬುತ್ತಿ ಬಾರದೆ ಯಾರೂ ಕೊಡುವ ಹಾಗಿಲ್ಲ. ಬಾಗಿಲ ಮುಂದೆ ಆಟೋ ನಿಂತಿತು. ಮಾವ ಇಳಿದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಅವರ ಹಿಂದೆ ಅತ್ತೆ ಇಳಿದರು, ಹೊಸ ಸೀರೆ, ಹಣೆ ತುಂಬ ಕುಂಕುಮ. ಬಲಸೊಂಟದ ಮೇಲೆ ಆ ಸೊಟ್ಟ ಡಬ್ಬ ಹೊಲಿದು ಕೂರಿಸಿದ ಹಾಗೆ ಕೂತಿತ್ತು. ಬಲತೋಳು ಪಟ್ಟಿಯೊಳಗೆ ತೂರಿ ಡಬ್ಬವನ್ನು ಬಳಸಿತ್ತು. ಅತ್ತೆ ಕೆರೆ ಏರಿಯ ಮೇಲಿಂದ ಬರುವವರ ಹಾಗೆ ಒಂದು ಕಡೆ ಒಂಚೂರು ವಾಲಿಕೊಂಡು, ಯಾರ ಆಸರೆಯೂ ಇಲ್ಲದೆ ನಡುಮನೆಯನ್ನು ದಾಟಿ ಬಂದರು. ಮಾವ ಹಿಂದೆಯೇ ಎರಡು ಕೈಯನ್ನೂ ಗಾಳಿಯಲ್ಲಿ ಚಾಚಿಕೊಂಡು ಬರುತ್ತಿದ್ದರು.

ಅತ್ತೆ ನನ್ನ ಎದುರು ಬಾಗಿ ಎಡಗೈಯಲ್ಲಿ ಡಬ್ಬದ ನಾಲಿಗೆಯನ್ನು ಎಳೆದರು. ಡಬ್ಬದ ಮುಂಭಾಗ ಬಿಚ್ಚಿಕೊಂಡು ತಟ್ಟೆಯ ಹಾಗೆ ಮುಂದೆ ಚಾಚಿತು. ಪಟ್ಟಿಯಿಂದ ಹೊರಗೆ ಬಂದಿದ್ದ ಬಲಗೈ ಸರಿಯಾಗಿ ಆ ತಟ್ಟೆಯ ಅಡಿಗೆ ಬಂದು ನಿಂತಿತು. ಮೇಲೆ ಐದು ಡಬ್ಬಿ. ಅತ್ತೆ ಎಡಗೈಯನ್ನು ತಂದು ಬಲಗೈಗೆ ಮುಟ್ಟಿಸಿದರು, ಮೊದಲಿನ ಹಾಗೆಯೇ.

"ತಗೋ ಮಗಾ" ಎಂದರು. "ಬಲಗೈಲೇ ಕೊಡ್ತಿದೀನಿ."

ನಾನು ಒಂದೊಂದಾಗಿ ಎತ್ತಿಕೊಂಡೆ. ಕಣ್ಣು ಮಂಜಾಗಿ ಯಾವುದು ಹುಳಿಯನ್ನ, ಯಾವುದು ಮೊಸರನ್ನ ಗೊತ್ತಾಗಲಿಲ್ಲ. ಕೊನೆಯದನ್ನು ಎತ್ತಿದಾಗ ಬೆರಳು ಅಂಟಿತು. ಗೊಜ್ಜು ಸೋರಿತ್ತು. ಒಂದು ಹನಿಯಲ್ಲ ಎರಡು ಹನಿಯಲ್ಲ, ರಟ್ಟಿನ ಮೇಲೆ ಅಂಗೈಯಗಲ ಹರಡಿತ್ತು. ಹಂಪಿಗೆ ಎಷ್ಟು ಹನಿ ಎಂದು ಬರೆದಿಡುವ ಮನುಷ್ಯನಿಗೆ ಈಗ ಏನು ಹೇಳುವುದು ಎಂದು ತಲೆಯೆತ್ತಿ ನೋಡಿದೆ. ಮಾವ ಡಬ್ಬದ ಕಡೆ ನೋಡುತ್ತಲೇ ಇರಲಿಲ್ಲ. ಅವರು ಅತ್ತೆಯ ಮುಖ ನೋಡುತ್ತ ನಿಂತಿದ್ದರು.

ನಾನು ಸೆರಗಿನಲ್ಲಿ ಗೊಜ್ಜನ್ನು ಒರೆಸಿಬಿಟ್ಟೆ. ಸೋರಿದ್ದನ್ನು ಇವತ್ತಿಗೂ ಅವರಿಗೆ ಹೇಳಿಲ್ಲ.